ಮುಚ್ಚಿದ ಮುಷ್ಟಿ

ಸುಗ್ಗಿಯ ಕಾಲ. ಕಾಗಿನೆಲೆಯ ನಮ್ಮ ಮನೆಯಂಗಳದಲ್ಲಿ ಮೆಣಸಿನಕಾಯಿ ಹರವಿತ್ತು. ಬ್ಯಾಡಗಿ ಸೀಮೆಯ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಹೆಸರು. ಆ ಬಣ್ಣವೇ ನನ್ನ ಒಂದೂವರೆ ವರ್ಷದ ಮೊಮ್ಮಗನನ್ನು ಕರೆಯಿತು. ನಾನು ಪತ್ರಿಕೆಯಿಂದ ತಲೆಯೆತ್ತುವಷ್ಟರಲ್ಲಿ ಕಾಯಿಯೊಂದನ್ನು ಮುರಿದು, ಅದೇ ಕೈಯಿಂದ ಕಣ್ಣುಜ್ಜಿಕೊಂಡಿದ್ದ. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದ ಮೇಲೆಯೇ ಅಳು ನಿಂತಿತು. ಖಾರ ಕಡಿಮೆಯೆಂಬುದು ದೊಡ್ಡವರ ನಾಲಗೆಯ ತೀರ್ಮಾನ. ಮಗುವಿನ ಕಣ್ಣಿಗೆ ಅದು ಅನ್ವಯಿಸದು.

ಅಂದಿನಿಂದ ನಾನು ಕಾವಲುಗಾರನಾದೆ. ಒಲೆಯ ಕಡೆ ತಿರುಗಿದರೆ ‘ಬ್ಯಾಡ’, ನೀರಿನ ಹಂಡೆಯ ಕಡೆ ನಡೆದರೆ ‘ಬ್ಯಾಡ’, ಬಿದ್ದ ಅಂಗಿಯ ಗುಂಡಿಯನ್ನು ಹೆಕ್ಕಿದರೂ ‘ಬ್ಯಾಡ’. ಮೊದಲೆಲ್ಲ ಸಿಕ್ಕಿದ್ದನ್ನು ಅಂಗೈಯಲ್ಲಿಟ್ಟುಕೊಂಡು ‘ಅಜ್ಜ’ ಎಂದು ತೋರಿಸಲು ಓಡಿಬರುತ್ತಿದ್ದವನು, ಎಂಟು ದಿನಗಳಲ್ಲಿ ನನ್ನನ್ನು ಕಂಡೊಡನೆ ಮುಷ್ಟಿ ಬಿಗಿಹಿಡಿಯುವುದನ್ನು ಕಲಿತ. ಒಂದು ಸಂಜೆ ಆ ಮುಷ್ಟಿ ಬಾಯಿಗೆ ಹೋಯಿತು. ನನ್ನ ಸೊಸೆ ರಮಿಸಿ ಬಾಯಿ ತೆರೆಸಿದಾಗ ಕಂಡದ್ದು ಇಡಿಯ ಶೇಂಗಾ ಕಾಳು.

“ನೀವು ಬೈತೀರಿ ಅಂತ ಬಾಯಾಗ ಮುಚ್ಚಿಟ್ಕೊಂಡಾನ್ರಿ, ಮಾವಾರ” ಎಂದಳು ಅವಳು. ನನ್ನಲ್ಲಿ ಉತ್ತರವಿರಲಿಲ್ಲ.

ಶೇಂಗಾ ನಮ್ಮ ಊಟದ ಒಡನಾಡಿ. ಆದರೆ ಸರಿಯಾಗಿ ಅಗಿಯಲು ಬಾರದ ಮಗುವಿಗೆ ಅದು ಉಸಿರುನಾಳಕ್ಕೆ ಜಾರಬಹುದು. ಕನಿಷ್ಠ 4 ವರ್ಷ ತುಂಬುವವರೆಗೆ ಇಡಿಯ ಕಾಳು ಕೊಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಬಕೆಟ್ಟಿನ ತಳದ ಗೇಣು ನೀರೂ ಹಾಗೆಯೇ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ಭಾರ. ಬಾಗಿ ಬಿದ್ದ ಮಗು ಏಳಲಾರದು, ಕೂಗಲೂ ಆರದು.

ಮರುದಿನ ನಾನು ನೆಲದ ಮೇಲೆ ಕುಳಿತು, ಅವನೆತ್ತರದಿಂದ ಮನೆಯನ್ನು ನೋಡಿದೆ. ಎಷ್ಟೊಂದು ಅಪಾಯಗಳು ನಾವೇ ಅವನ ಕೈಗೆಟಕುವಂತೆ ಇಟ್ಟವು! ಮೆಣಸಿನಕಾಯಿ ಮಾಳಿಗೆಯೇರಿತು. ಬಕೆಟ್ಟು ಬರಿದಾಗಿ ಬೋರಲಾಯಿತು. ಶೇಂಗಾದ ಡಬ್ಬಿ ಮೇಲಿನ ನಾಗಂದಿಗೆ ಸೇರಿತು. ‘ಬ್ಯಾಡ’ ಎಂಬ ಮಾತು ಒಲೆಯೊಂದಕ್ಕೇ ಉಳಿಯಿತು. ಅಪರೂಪವಾದದ್ದರಿಂದ ಅದಕ್ಕೆ ಬೆಲೆಯೂ ಬಂದಿತು.

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆಗಳ ಶ್ರಮದಿಂದ ಜೀವಂತವಾಗಿ ಮೇಲೆತ್ತಿದಾಗ ನಾಡೆಲ್ಲ ನೆಮ್ಮದಿಯ ಉಸಿರು ಬಿಟ್ಟಿತ್ತು. ಹೊಲದ ಬಾವಿಯಿರಲಿ, ಬಚ್ಚಲಿನ ಹಂಡೆಯಿರಲಿ, ತೆರೆದ ಬಾಯಿಗೆ ಮುಚ್ಚಳ ಹಾಕುವುದು ದೊಡ್ಡವರ ಕೆಲಸ. ಮಗುವಿನ ಕೆಲಸ ಹುಡುಕುವುದು.

ಮುಷ್ಟಿ ಸಡಿಲಗೊಳ್ಳಲು ಹದಿನೈದು ದಿನ ಬೇಕಾಯಿತು. ಮೊನ್ನೆ ನನ್ನೆದುರು ಬಂದು ಅಂಗೈ ಬಿಡಿಸಿದ. ಅದರಲ್ಲೊಂದು ಸಣ್ಣ ಬೆಣಚುಕಲ್ಲು. ನಾನು ಬೈಯಲಿಲ್ಲ. ಬದಲಿಗೆ ಅವನಿಗೊಂದು ಸವುಟು ಕೊಟ್ಟೆ. ಕಲ್ಲು ನನ್ನ ಕಿಸೆ ಸೇರಿತು.

(ಬಾನುಲಿ ಭಾಷಣ)