ಬೇಸಿಗೆಯ ಕೊನೆಯ ಕಾಯಿ ಬೀಜಕ್ಕಿರಲಿ

ಮನೆಯ ಹಿತ್ತಲಿನ ಕೈತೋಟದ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ. ಅದರಲ್ಲೂ ಬೇಸಿಗೆ ಮುಗಿಯುತ್ತ ಬಂದು, ಮಳೆ ಇನ್ನೂ ಹಿಡಿಯದಿರುವ ಐದಾರು ವಾರಗಳಲ್ಲಿ ನಾವು ಮಾಡಬೇಕಾದ ಕೆಲಸಗಳ ಬಗ್ಗೆ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಕೊನೆಯ ವಾರದಲ್ಲಿ ರೋಹಿಣಿ. ಇದು ಪಂಚಾಂಗದ ಲೆಕ್ಕ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಗೊತ್ತು, ಒಂದು ಸಂಜೆ ಗುಡುಗಿ ಅರ್ಧ ಗಂಟೆ ಸುರಿದರೆ ಮತ್ತೆ ಹದಿನೈದು ದಿನ ಮೋಡದ ಸುಳಿವಿರುವುದಿಲ್ಲ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಹೀಗಾಗಿ ಮೇ ತಿಂಗಳ ಹಿತ್ತಲು ನೋಡಲು ಬೇಸರವಾಗುತ್ತದೆ. ಹೀರೆ ಬಳ್ಳಿಯ ಬುಡದ ಎಲೆ ಹಳದಿಯಾಗಿರುತ್ತದೆ. ಬೆಂಡೆ ಗಿಡ ಎತ್ತರಕ್ಕೆ ಹೋಗಿ ತುದಿಯಲ್ಲಿ ಎರಡು ಕಾಯಿ ಬಿಟ್ಟಿರುತ್ತದೆ. ಬದನೆ ಎಲೆಯಲ್ಲಿ ತೂತು. ಬಹಳ ಜನ ಈ ಹೊತ್ತಿನಲ್ಲಿ ಎಲ್ಲವನ್ನೂ ಕಿತ್ತು ಹಾಕಿ ಮಳೆಗೆ ಕಾಯುತ್ತಾರೆ. ಹಾಗೆ ಮಾಡಬೇಡಿ. ಮುಂದಿನ ವರ್ಷದ ತೋಟ ಈ ಹಳದಿ ಎಲೆಗಳ ನಡುವೆಯೇ ಇದೆ.

ಮೊದಲು ನೀರಿನ ವಿಚಾರ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನ ಎಣಿಸುವುದು ನಗರದ ಗೃಹಿಣಿಯರಿಗೆ ಹೊಸದಲ್ಲ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿ ಎಂದು ಯಾರೂ ಹೇಳಲಾರರು. ಆದರೆ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ದಿನಕ್ಕೆ ಒಂದೆರಡು ಬಕೆಟ್ ಆದರೂ ಆಗುತ್ತದೆ. ಸೋಪಿನ ಪುಡಿ ಬೆರೆಯದ ಈ ನೀರನ್ನು ಪ್ರತ್ಯೇಕ ಹಿಡಿದಿಡಿ. ಸಂಜೆ ಬಿಸಿಲು ಇಳಿದ ಮೇಲೆ ಬುಡಕ್ಕೆ ಮಾತ್ರ ಹಾಕಿ. ನಮ್ಮದು ತೆಂಗಿನ ಸೀಮೆ; ಕಾಯಿ ಸುಲಿದ ಸಿಪ್ಪೆಗೆ ಬರವಿಲ್ಲ. ಆ ಸಿಪ್ಪೆಯನ್ನು ಗಿಡದ ಸುತ್ತ ಒತ್ತಾಗಿ ಜೋಡಿಸಿ, ಮೇಲೆ ಒಣಗಿದ ಎಲೆ ಹರಡಿ. ಹಾಕಿದ ನೀರು ಬಿಸಿಲಿಗೆ ಆರಿ ಹೋಗದೆ ಮಣ್ಣಿನಲ್ಲಿ ನಿಲ್ಲುತ್ತದೆ. ಬಳ್ಳಿಗಳ ನಡುವೆ ಒಂದು ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿದರೆ ಇನ್ನೂ ಒಳ್ಳೆಯದು. ಮಡಕೆ ನಿಧಾನವಾಗಿ ಒಸರುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕಾಗುತ್ತದೆ.

ಎರಡನೆಯದು ಕತ್ತರಿ ಮತ್ತು ಗುದ್ದಲಿಯ ಕೆಲಸ. ಕಾಯಿ ಮುಗಿದ ನುಗ್ಗೆ ಮರವನ್ನು ಸೊಂಟದೆತ್ತರಕ್ಕೆ ಕಡಿದರೆ ಮಳೆಗೆ ಹೊಸ ಕೊಂಬೆ ಒಡೆಯುತ್ತದೆ, ಸೊಪ್ಪೂ ಕೈಗೆ ಎಟುಕುತ್ತದೆ. ರೋಗವಿಲ್ಲದ ಹಳೆಯ ಬದನೆ ಗಿಡವನ್ನು ಕೀಳಬೇಡಿ. ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಬುಡಕ್ಕೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಕೊಡಿ. ಅದೇ ಗಿಡ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಬೆಂಡೆ, ಬದನೆಯ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿಯ ಕಾಟ. ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸಿ ತೊಳೆಯಿರಿ. ಕಡಿಮೆಯಾಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ. ಹಾಗಲ, ಹೀರೆಯಲ್ಲಿ ನೊಣ ಚುಚ್ಚಿ ಹುಳು ಬಿದ್ದ ಕಾಯಿಯನ್ನು ಹಿತ್ತಲಲ್ಲೇ ಎಸೆಯಬಾರದು. ಆ ಹುಳು ಮಣ್ಣಿಗೆ ಇಳಿದು ಕೋಶವಾಗಿ, ಮತ್ತೆ ನೊಣವಾಗಿ ಬರುತ್ತದೆ. ಅಂಥ ಕಾಯಿಯನ್ನು ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ. ಖಾಲಿಯಾದ ಪಾತಿಯನ್ನು ಅಗೆದು ಬಿಸಿಲಿಗೆ ಬಿಡಿ. ಕೋಶಗಳನ್ನು ಬಿಸಿಲು ಮತ್ತು ಹಕ್ಕಿಗಳೇ ನೋಡಿಕೊಳ್ಳುತ್ತವೆ.

ಕೊಯ್ಲಿನಲ್ಲಿ ಹೆಚ್ಚು ಹೇಳುವುದು ಬೇಡ. ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಬಾಳಕವಾಗುವುದು, ಬೂದುಗುಂಬಳ ಸಂಡಿಗೆಯಾಗುವುದು, ಮಾವು ಉಪ್ಪಿನಕಾಯಿ ಜಾಡಿ ಸೇರುವುದು ನಿಮಗೆ ಗೊತ್ತಿರುವುದೇ. ಒಂದು ಮಾತು ಮಾತ್ರ ನೆನಪಿರಲಿ. ಬಿಸಿಲಿಗೆ ಬೆಂಡೆ ಎರಡು ದಿನದಲ್ಲೇ ಬಲಿತು ನಾರಾಗುತ್ತದೆ. ದಿನ ಬಿಟ್ಟು ದಿನ ಕೀಳಿ.

ಇಷ್ಟೆಲ್ಲ ಕೀಳುವಾಗ ಕೀಳದೆ ಬಿಡಬೇಕಾದ ಒಂದು ಕಾಯಿ ಇದೆ. ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ನಮ್ಮ ಅತ್ತೆಯವರು ಗುಬ್ಬಿ ತಾಲ್ಲೂಕಿನ ಹಳ್ಳಿಯವರು. ನಾವು ತುಮಕೂರಿನಲ್ಲಿ ಮನೆ ಮಾಡಿದಾಗ ಅವರು ಸೆರಗಿನ ಗಂಟಿನಲ್ಲಿ ಹೀರೆ ಬೀಜ ತಂದು ಹಿತ್ತಲಿನ ಕಾಂಪೌಂಡ್ ಪಕ್ಕ ಊರಿದರು. ಗಿಡ್ಡ ಕಾಯಿ, ಏಣು ಎದ್ದು ಕಾಣುವಂಥದ್ದು, ಸಿಪ್ಪೆಯ ಚಟ್ನಿಗೆ ಬಹಳ ರುಚಿ. ಎಂಥ ಬಿಸಿಲಿಗೂ ಅದು ಜಗ್ಗುತ್ತಿರಲಿಲ್ಲ. ಪ್ರತಿ ಬೇಸಿಗೆಯ ಕೊನೆಗೆ ಅತ್ತೆ ಒಂದು ಕಾಯಿಗೆ ಕೆಂಪು ನೂಲು ಕಟ್ಟುತ್ತಿದ್ದರು. "ಇದನ್ನ ಮುಟ್ಟಬೇಡ ಕಣಮ್ಮ, ಇದು ಬೀಜಕ್ಕೆ" ಎನ್ನುತ್ತಿದ್ದರು.

ಅವರು ತೀರಿಕೊಂಡ ವರ್ಷವೂ ಬಳ್ಳಿ ಇತ್ತು. ನೂಲು ಕಟ್ಟುವವರು ಇರಲಿಲ್ಲ. ಮೇ ತಿಂಗಳ ಒಂದು ಭಾನುವಾರ ನೆಂಟರು ಬಂದರು, ಮನೆಯಲ್ಲಿ ತರಕಾರಿ ಇರಲಿಲ್ಲ. ಬಳ್ಳಿಯಲ್ಲಿ ಉಳಿದಿದ್ದ ಕೊನೆಯ ಎರಡು ಕಾಯಿ ಕಿತ್ತು ಪಲ್ಯ ಮಾಡಿದೆ. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳಿದರು. ಮುಂದಿನ ಬಿತ್ತನೆಗೆ ಅಡುಗೆಮನೆಯ ಡಬ್ಬಿ ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಅತ್ತೆಯ ಊರಿಗೆ ಹೋಗಿ ಮನೆ ಮನೆ ಕೇಳಿದೆ. ಎಲ್ಲರೂ ಅಂಗಡಿಯ ಪ್ಯಾಕೆಟ್ ಬೀಜಕ್ಕೆ ಬದಲಾಗಿದ್ದರು. ಅವರು ಬದುಕಿದ್ದಾಗ ಹತ್ತಾರು ವರ್ಷ ಉಳಿಸಿಕೊಂಡು ಬಂದದ್ದನ್ನು ನಾನು ಒಂದು ಹೊತ್ತಿನ ಪಲ್ಯಕ್ಕೆ ಮುಗಿಸಿದ್ದೆ.

ಕೊನೆಗೆ ಸಿಕ್ಕಿದ್ದು ಕುಣಿಗಲ್ಲಿನಲ್ಲಿ. ಅಲ್ಲಿಗೆ ಮದುವೆಯಾಗಿ ಹೋದ ನಾದಿನಿಗೆ ಅತ್ತೆ ಎರಡು ವರ್ಷದ ಹಿಂದೆ ಒಂದು ಹಿಡಿ ಬೀಜ ಕೊಟ್ಟಿದ್ದರು. ಸಗಣಿ ತಟ್ಟೆಗೆ ಒತ್ತಿ ಗೋಡೆಗೆ ಬಡಿದಿದ್ದ ಬೀಜದಲ್ಲಿ ಹನ್ನೊಂದು ಉಳಿದಿದ್ದವು. ಆರು ಹುಟ್ಟಿದವು. ಇಂದು ನಮ್ಮ ಹಿತ್ತಲಿನಲ್ಲಿರುವುದು ಆ ಆರರ ಸಂತತಿ. ಅಂದಿನಿಂದ ನೂಲು ಕಟ್ಟುವ ಕೆಲಸ ನನ್ನದು.

ಹಾಗಾದರೆ ಬೀಜದ ಕಾಯಿಯನ್ನು ಆರಿಸುವುದು ಹೇಗೆ? ಕೊನೆಗೆ ಉಳಿದ ಸೊಟ್ಟ ಕಾಯಿ ಬೀಜಕ್ಕೆ ಎನ್ನುವುದು ತಪ್ಪು. ಆರೋಗ್ಯವಾದ ಬಳ್ಳಿಯಲ್ಲಿ, ಚೆಂದದ ಆಕಾರದ, ಹುಳು ಮುಟ್ಟದ ಕಾಯಿಗೆ ಬಳ್ಳಿ ಹಸಿರಾಗಿರುವಾಗಲೇ ಗುರುತು ಕಟ್ಟಿ. ನೊಣ ಚುಚ್ಚದಂತೆ ಹಳೆಯ ಬಟ್ಟೆಯ ಚೀಲ ತೊಡಿಸಿ. ಹೀರೆ ಬಳ್ಳಿಯಲ್ಲೇ ಕಂದು ಬಣ್ಣಕ್ಕೆ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನಬೇಕು. ಆಗ ತುದಿಯ ಮುಚ್ಚಳ ತೆಗೆದು ತಲೆಕೆಳಗೆ ಮಾಡಿದರೆ ಕಪ್ಪು ಬೀಜ ತಾನೇ ಉದುರುತ್ತದೆ. ಬೆಂಡೆಯೂ ಗಿಡದಲ್ಲೇ ಒಣಗಿ ಬಿರಿಯುವ ಹಂತಕ್ಕೆ ಬರಲಿ. ಹಾಗಲ ಕಿತ್ತಳೆ ಬಣ್ಣಕ್ಕೆ ಹಣ್ಣಾದಾಗ ಬೀಜದ ಮೇಲಿನ ಕೆಂಪು ತಿರುಳನ್ನು ಬೂದಿ ಹಾಕಿ ಉಜ್ಜಿ ತೊಳೆಯಿರಿ. ಬದನೆ ಪೂರ್ತಿ ಹಳದಿಯಾದ ಮೇಲೆ ಕಿವುಚಿ ನೀರಿಗೆ ಹಾಕಿ; ಗಟ್ಟಿ ಬೀಜ ತಳಕ್ಕೆ ಕೂರುತ್ತದೆ, ಜೊಳ್ಳು ತೇಲುತ್ತದೆ. ದಂಟಿನ ಒಂದು ಗಿಡವನ್ನು ತೆನೆ ಬರಲು ಬಿಟ್ಟುಬಿಡಿ. ಎಲ್ಲ ಬೀಜವನ್ನೂ ನೆರಳಲ್ಲಿ ಚೆನ್ನಾಗಿ ಒಣಗಿಸಿ, ಒಲೆ ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೆಸರು ಮತ್ತು ವರ್ಷ ಬರೆಯಿರಿ.

ಎರಡು ಎಚ್ಚರಿಕೆ. ಹೈಬ್ರಿಡ್ ಪ್ಯಾಕೆಟ್ಟಿನಿಂದ ಬೆಳೆದ ಕಾಯಿಯ ಬೀಜ ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲ. ಎರಡನೆಯದಾಗಿ, ಪಕ್ಕದ ಮನೆಯಲ್ಲಿ ಬೇರೆ ಜಾತಿಯ ಹೀರೆ ಇದ್ದರೆ ದುಂಬಿ ಎರಡನ್ನೂ ಬೆರೆಸಿಬಿಡುತ್ತದೆ. ಹೀರೆ ಹೂ ಅರಳುವುದು ಸಂಜೆ. ಪುಟ್ಟ ಕಾಯಿ ಹೊತ್ತ ಹೆಣ್ಣು ಮೊಗ್ಗಿಗೂ, ಒಂದು ಗಂಡು ಮೊಗ್ಗಿಗೂ ಮಧ್ಯಾಹ್ನವೇ ಕಾಗದದ ಚೀಲ ಕಟ್ಟಿ. ಅರಳಿದ ಕೂಡಲೇ ಆ ಗಂಡು ಹೂವನ್ನು ಕಿತ್ತು ಹೆಣ್ಣಿಗೆ ಮೆಲ್ಲಗೆ ಸವರಿ, ಮತ್ತೆ ಚೀಲ ಕಟ್ಟಿದರೆ ಜಾತಿ ಕೆಡುವುದಿಲ್ಲ.

ಬೀಜದ ಮಾತು ಬಂದಾಗ ಗುಬ್ಬಿಯ ಹಲಸನ್ನು ಮರೆಯುವಂತಿಲ್ಲ. ಹಲಸಿನ ದಾರಿಯೇ ಬೇರೆ. ಅದರ ಬೀಜ ಒಣಗಿದರೆ ಸತ್ತಂತೆ. ಹಣ್ಣು ತಿಂದ ಕೆಲವೇ ದಿನಗಳಲ್ಲಿ ನೆಡಬೇಕು. ನೆಟ್ಟರೂ ತಾಯಿಯ ರುಚಿ ಬರುತ್ತದೆಂಬ ಭರವಸೆಯಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ತಾಮ್ರಗೆಂಪು ತೊಳೆಯ, ಸುಮಾರು ಎರಡೂವರೆ ಕಿಲೋ ತೂಗುವ ಸಣ್ಣ ಹಣ್ಣಿನ ಒಂದು ಮರವಿತ್ತು. ಕೃಷಿಕ ಪರಮೇಶ್ ಅವರ ತಂದೆ ಸಿದ್ದಪ್ಪನವರು ನೆಟ್ಟದ್ದು. ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಆ ಮರದ ಕಡ್ಡಿಯಿಂದ ಕಸಿ ಮಾಡಿದರು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೊಡನೆ ಒಪ್ಪಂದವಾಗಿ, 'ಸಿದ್ದು' ಹಲಸು ಎಂಬ ಹೆಸರಿನಲ್ಲಿ ಅದು ಊರೂರಿಗೆ ಹೋಯಿತು. ಯಾರೋ ಅದನ್ನು ಹತ್ತರಲ್ಲಿ ಒಂದು ಮರವೆಂದು ಕಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಿಮ್ಮ ಹಿತ್ತಲಿನಲ್ಲಿ ಒಳ್ಳೆಯ ಹಲಸು, ಮಾವು ಇದ್ದರೆ ಕಸಿ ಬಲ್ಲವರನ್ನು ಕರೆದು ತೋರಿಸಿ.

ಕೊನೆಯ ಕೆಲಸ ಮಣ್ಣಿನದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅನುಮತಿ ಪಡೆದು ಗೋಡು ಹೊಡೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಗುಬ್ಬಿಯ ಕೆಂಪು ಮಣ್ಣಿಗೆ ಕೆರೆ ಗೋಡು ಬೆರೆತರೆ ನೀರು ಹಿಡಿಯುವ ಶಕ್ತಿ ಬರುತ್ತದೆ. ಒಂದು ಪಾತಿಗೆ ಎರಡು ಮಂಕರಿ ಗೋಡು, ಒಂದು ಮಂಕರಿ ಗೊಬ್ಬರ ಸಾಕು. ಅಗೆದು ಬಿಟ್ಟ ಪಾತಿಗೆ ಇದನ್ನು ಬೆರೆಸಿ ಸಿದ್ಧವಾಗಿಡಿ. ಬಿತ್ತುವ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ವಾರದಲ್ಲಿ ಏಳಾದರೂ ಮೊಳೆತರೆ ನೆಮ್ಮದಿಯಿಂದ ಬಿತ್ತಬಹುದು.

ಇಂದು ಸಂಜೆಯೇ ಹಿತ್ತಲಿಗೆ ಹೋಗಿ ನೋಡಿ. ಒಳ್ಳೆಯ ಕಾಯಿಯೊಂದಕ್ಕೆ ನೂಲು ಕಟ್ಟಿ, ಮನೆಯವರಿಗೆಲ್ಲ ತೋರಿಸಿ. ಬೀಜ ಬಂದ ಮೇಲೆ ಅರ್ಧ ನಿಮಗಿರಲಿ, ಅರ್ಧವನ್ನು ಅಕ್ಕನಿಗೋ, ನಾದಿನಿಗೋ, ಪಕ್ಕದ ಮನೆಯವರಿಗೋ ಕೊಡಿ. ನಿಮ್ಮ ಡಬ್ಬಿ ಖಾಲಿಯಾದ ವರ್ಷ ಅವರ ಮನೆಯಲ್ಲಿ ಅದು ಇರುತ್ತದೆ.