ಪ್ಲುಟೋನಿಯಂ ಎಷ್ಟು ವಿಷ?

ಮಲ್ಲಂದೂರಿನ ಕಡೆ ಈಗ ಕಾಫಿ ಲೋಟ ಹಿಡಿದೇ ರೇಡಿಯೋ ಕೇಳುತ್ತಿರುತ್ತೀರಿ. ಪ್ಲುಟೋನಿಯಂ ಚರಿತ್ರೆಯಲ್ಲಿ ಕಾಫಿಗೂ ಒಂದು ಪಾಲಿದೆ. ಪ್ಲುಟೋನಿಯಂಗಿಂತ ದೊಡ್ಡ ವಿಷವೇ ಇಲ್ಲ ಎಂದು ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಹೇಳಿದಾಗ, ಬರ್ನಾರ್ಡ್ ಕೋಹೆನ್ ಎಂಬ ಭೌತವಿಜ್ಞಾನಿ ಸವಾಲು ಹಾಕಿದರು: ನೇಡರ್ ಕಾಫಿಯಲ್ಲಿರುವ ಕೆಫೀನ್ ಎಷ್ಟು ತಿಂದರೆ ಅಷ್ಟೇ ಪ್ಲುಟೋನಿಯಂ ತಾನು ತಿನ್ನುವುದಾಗಿ! ನೇಡರ್ ಒಪ್ಪಲಿಲ್ಲ. ಕೋಹೆನ್ ಮಾತಿನಲ್ಲಿ ಹುರುಳಿತ್ತು. ನುಂಗಿದ ಪ್ಲುಟೋನಿಯಂನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಲದಲ್ಲೇ ಹೊರಹೋಗುತ್ತದೆ. ಅದರ ಆಲ್ಫಾ ಕಿರಣ ತಡೆಯಲು ಒಂದು ಹಾಳೆ ಕಾಗದ ಸಾಕು. ಆದರೆ ನುಣ್ಣನೆಯ ಧೂಳಾಗಿ ಉಸಿರಿನಲ್ಲಿ ಸೇರಿತೋ, ಶ್ವಾಸಕೋಶದಲ್ಲಿ ಕೂತು, ರಕ್ತಕ್ಕೆ ಇಳಿದು, ಮೂಳೆ ಮತ್ತು ಯಕೃತ್ತಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ರಷ್ಯಾದ ಮಯಾಕ್ ಪ್ಲುಟೋನಿಯಂ ಕಾರ್ಖಾನೆಯ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು ಹೀಗೆ. ತಿನ್ನುವ ಪಂದ್ಯದ ಗದ್ದಲದಲ್ಲಿ ಉಸಿರಿನ ಮಾತು ಮರೆಯಾಯಿತಲ್ಲ, ಅದೇ ನನ್ನ ಬೇಸರ.

1941ರಲ್ಲಿ ವಿಜ್ಞಾನಿ ಸೀಬೋರ್ಗ್ ತಂಡ ಪ್ಲುಟೋನಿಯಂ ಗುರುತಿಸಿದ್ದು, 1945ರಲ್ಲಿ ನಾಗಸಾಕಿಯ ಮೇಲೆ ಬಿದ್ದ ಪ್ಲುಟೋನಿಯಂ ಬಾಂಬು, 1974ರಲ್ಲಿ ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣನವರ ಮುಂದಾಳತ್ವದ ಪೋಖರಣ್ ಅಣು ಪರೀಕ್ಷೆ, ಇವೆಲ್ಲ ನೀವು ಓದಿರುವುದೇ. ನನ್ನ ಮನಸ್ಸು ಹೋಗಿ ನಿಲ್ಲುವುದು ಆಲ್ಬರ್ಟ್ ಸ್ಟೀವನ್ಸ್ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ 58 ವರ್ಷದ ಮನುಷ್ಯ. ಹೊಟ್ಟೆಯ ಕ್ಯಾನ್ಸರ್, ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದುಕೊಂಡ ವೈದ್ಯರು 1945ರ ಮೇ 14ರಂದು, ಅವರಿಗೆ ಒಂದು ಮಾತೂ ತಿಳಿಸದೆ, ಮೈಯೊಳಗೆ ಏನಾಗುತ್ತದೆಂದು ನೋಡಲು ಪ್ಲುಟೋನಿಯಂ ಚುಚ್ಚಿದರು. ಕೆಲವೇ ದಿನಗಳಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಕ್ಯಾನ್ಸರೇ ಅಲ್ಲ, ಹುಣ್ಣು! ಆಮೇಲೂ ಅವರ ಮೂತ್ರ, ಮಲ ಕೂಡಿಟ್ಟು ಅಳೆದರು. ಯಾಕೆಂದು ಹೇಳಲಿಲ್ಲ. ಸ್ಟೀವನ್ಸ್ ಇನ್ನೂ 20 ವರ್ಷ ಬದುಕಿ, 1966ರಲ್ಲಿ 79ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಇದನ್ನೇ ತೋರಿಸಿ ಪ್ಲುಟೋನಿಯಂ ಸಾಧು ಎನ್ನುವವರಿದ್ದಾರೆ. ತೊಂಬತ್ತರವರೆಗೂ ಬೀಡಿ ಸೇದಿದ ಅಜ್ಜನನ್ನು ತೋರಿಸಿ ಬೀಡಿಯನ್ನು ಹೊಗಳಿದ ಹಾಗೆ.

ತಿಳಿಯದೆ ಮೈಗೆ ವಿಕಿರಣ ಸೇರಿದ್ದು ನಮ್ಮಲ್ಲೂ ಉಂಟು. ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ವಿಕಿರಣಶೀಲ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಗೊತ್ತಾದದ್ದು ಕೆಲಸಗಾರರ ಮೂತ್ರ ತಪಾಸಣೆಯಿಂದ. ಟ್ರಿಟಿಯಂ ಕೆಲವು ವಾರಗಳಲ್ಲಿ ಬಹುಪಾಲು ಮೈಯಿಂದ ಹೊರಹೋಗುತ್ತದೆ, ಪ್ಲುಟೋನಿಯಂ ಹಾಗಲ್ಲ. ಅದೂ ಕೈಗಾದಲ್ಲೇ ಹುಟ್ಟುತ್ತದೆ: ಉರಿದ ಒಂದು ಟನ್ ಯುರೇನಿಯಂ ಇಂಧನದೊಳಗೆ ಮೂರ್ನಾಲ್ಕು ಕಿಲೋ. ಲೋಹದ ಕೊಳವೆಗಳೊಳಗೆ, ಸ್ಥಾವರದ ಕೊಳದ ನೀರಿನಡಿ ಇರುವಷ್ಟು ಕಾಲ ಅದು ಯಾರ ಉಸಿರಿಗೂ ಸಿಕ್ಕುವುದಿಲ್ಲ. ಉರಿದ ಇಂಧನದಿಂದ ಅದನ್ನು ಬೇರ್ಪಡಿಸುವುದು ಟ್ರಾಂಬೆ, ತಾರಾಪುರ, ಕಲ್ಪಾಕಂಗಳಲ್ಲಿ. ಧೂಳಿನ ಭಯ ಅಲ್ಲಿನ ಕೆಲಸಗಾರರಿಗೆ. ಅವರ ಪರೀಕ್ಷೆಯ ಅಂಕಿ ಮೊದಲು ಅವರ ಕೈಗೇ, ಅವರವರ ಭಾಷೆಯಲ್ಲೇ ಸಿಗಬೇಕು. ಸ್ಟೀವನ್ಸ್‌ಗೆ ಕೊನೆಯವರೆಗೂ ಸಿಗಲಿಲ್ಲ.