ಗಂಡಸು ಮುಳ್ಳಲ್ಲ, ಹೆಣ್ಣು ಸೆರಗಲ್ಲ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ವ್ಯವಹಾರ ಇವುಗಳ ಬಗ್ಗೆ ನಾವು ಸಂಘದ ಸಭೆಯಲ್ಲಿ ಯಾವ ಅಂಜಿಕೆಯೂ ಇಲ್ಲದೆ ಮಾತಾಡುತ್ತೇವೆ. ಬ್ಯಾಂಕಿನ ಮೆಟ್ಟಿಲು ಹತ್ತುವುದಕ್ಕೇ ಹೆದರುತ್ತಿದ್ದವರು ಇವತ್ತು ಮ್ಯಾನೇಜರ ಎದುರು ಕುಳಿತು ಲೆಕ್ಕ ಕೇಳುತ್ತೇವೆ. ಆದರೆ ಒಂದು ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತದೆ, ಬಾಗಿಲು ಮುಚ್ಚುತ್ತದೆ, ಮಕ್ಕಳನ್ನು ಹೊರಗೆ ಕಳಿಸುವುದಾಗುತ್ತದೆ. ಅದು ಅತ್ಯಾಚಾರದ ವಿಷಯ. ಇವತ್ತು ಅದರ ಬಗ್ಗೆಯೇ ಬಾಯಿಬಿಟ್ಟು ಮಾತಾಡೋಣ.

ಇಂಥ ಸುದ್ದಿ ಊರಿಗೆ ಬಂದ ಕೂಡಲೇ ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಹಾಲಿನ ಡೇರಿಯ ಮುಂದೆ ಯಾವ ಮಾತು ಕೇಳಿಬರುತ್ತದೆ? "ಅಷ್ಟೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ?" "ಎಂಥಾ ಬಟ್ಟೆ ಹಾಕ್ಕೊಂಡಿದ್ಲೋ!" "ಅವನ ಜೊತೆ ಫೋನಲ್ಲಿ ಮಾತಾಡ್ತಿದ್ಲಂತೆ." "ಕೂಗ್ಕೋಬಹುದಿತ್ತಲ್ಲ?" "ಒಂದು ಕೈಯಿಂದ ಚಪ್ಪಾಳೆ ಆಗುತ್ತಾ?" ಐದು ಮಾತು, ಐದೂ ಅವಳ ಮೇಲೆ. ಅಷ್ಟೊತ್ತಿನಲ್ಲಿ ಅವನಿಗೆ ಅಲ್ಲೇನು ಕೆಲಸವಿತ್ತು ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಒಂದು ಹಳೆಯ ಗಾದೆ ಇದೆ. ಸೆರಗು ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೆರಗಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ. ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವಾಗ ಹಿರಿಯರು ಕಾಳಜಿಯಿಂದಲೇ ಇದನ್ನು ಹೇಳುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ಮುಳ್ಳಿಗೆ ಬುದ್ಧಿಯಿಲ್ಲ, ಚುಚ್ಚುವುದು ಅದರ ಗುಣ. ಗಂಡಸು ಮುಳ್ಳಲ್ಲ. ಅವನಿಗೆ ತಪ್ಪು ಸರಿ ಗೊತ್ತು, ಬೇಡ ಎಂದರೆ ಅರ್ಥವಾಗುತ್ತದೆ. ಅವನನ್ನು ಮುಳ್ಳೆಂದು ಒಪ್ಪಿಕೊಂಡರೆ ಅವನ ಅಪರಾಧ ಅಲ್ಲೇ ಮಾಫಿಯಾಯಿತು. ಹೆಣ್ಣೂ ಸೆರಗಲ್ಲ, ಒಮ್ಮೆ ಹರಿದರೆ ಬಿಸಾಡುವುದಕ್ಕೆ. "ಕೆಟ್ಟುಹೋದಳು", "ಹಾಳಾದಳು" ಎನ್ನುವ ಮಾತುಗಳನ್ನು ನಾವು ಬಿಡಬೇಕು. ಅವಳ ಮೇಲೆ ಒಂದು ಅಪರಾಧ ನಡೆದಿದೆ, ಅಷ್ಟೇ.

ಬಟ್ಟೆ, ಹೊತ್ತು, ಜಾಗ ಕಾರಣವೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣಗಳು ದಾಖಲಾದವು. ದಿನಕ್ಕೆ ಸುಮಾರು 86. ಇದು ಪೊಲೀಸ್ ಠಾಣೆಯವರೆಗೆ ಬಂದ ಲೆಕ್ಕ ಮಾತ್ರ. ವರ್ಷ ವರ್ಷವೂ ಈ ದಾಖಲೆಗಳು ಹೇಳುವ ಇನ್ನೊಂದು ಸಂಗತಿ ಇದೆ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿರುವವನೇ. ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು, ಮದುವೆಯಾಗುತ್ತೇನೆಂದು ನಂಬಿಸಿದವನು. ಕತ್ತಲಲ್ಲಿ ಗುರುತಿಲ್ಲದವನು ಬರುತ್ತಾನೆ ಎಂಬುದು ನಮ್ಮ ಹೆದರಿಕೆ, ಹೆಚ್ಚಿನ ಪ್ರಕರಣಗಳಲ್ಲಿ ಅವನು ಗುರುತಿನವನೇ. ಪುಟ್ಟ ಮಕ್ಕಳ ಮೇಲೂ, ಮುದುಕಿಯರ ಮೇಲೂ ಅತ್ಯಾಚಾರ ನಡೆಯುತ್ತದೆ. ಅಲ್ಲಿ ಬಟ್ಟೆಯ ಮಾತು ಎಲ್ಲಿ ಬಂತು?

ಹಾಗಾದರೆ ಮಗಳಿಗೆ ಹುಷಾರಾಗಿರು ಎನ್ನಬಾರದೇ? ಧಾರಾಳವಾಗಿ ಹೇಳೋಣ. ಮನೆಗೆ ಬೀಗ ಹಾಕು ಎನ್ನುವುದು ಎಚ್ಚರಿಕೆ. ಆದರೆ ಕಳ್ಳತನವಾದ ಮೇಲೆ ಕಳ್ಳನನ್ನು ಬಿಟ್ಟು ಮನೆಯವರನ್ನೇ ಕಟಕಟೆಗೆ ನಿಲ್ಲಿಸುತ್ತೇವೆಯೇ? ಈ ಒಂದು ಅಪರಾಧದಲ್ಲಿ ಮಾತ್ರ ಹಾಗೆ ಮಾಡಲಾಗುತ್ತದೆ.

ಭಂವರಿ ದೇವಿಯವರನ್ನು ನೆನೆಯೋಣ

ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ನಮ್ಮಂತೆಯೇ ಹಳ್ಳಿಯ ಹೆಣ್ಣುಮಗಳು. ಕುಂಬಾರ ಜಾತಿಯವರು. ಸರಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್', ಅಂದರೆ ಗೆಳತಿ ಎಂಬ ಹೆಸರಿನ ಗ್ರಾಮ ಕಾರ್ಯಕರ್ತೆಯಾಗಿದ್ದರು. 1992ರಲ್ಲಿ ಮೇಲ್ಜಾತಿಯ ಮನೆಯೊಂದರಲ್ಲಿ ಒಂದು ವರ್ಷವೂ ತುಂಬದ ಹೆಣ್ಣು ಶಿಶುವಿನ ಮದುವೆ ನಡೆಯುವುದನ್ನು ತಡೆಯಲು ಹೋದರು. ಆ ವರ್ಷದ ಸೆಪ್ಟೆಂಬರ್ 22ರಂದು ಗಂಡನ ಜೊತೆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಐವರು ಬಂದು ಗಂಡನನ್ನು ಹೊಡೆದು, ಅವರ ಮೇಲೆ ಅತ್ಯಾಚಾರ ಮಾಡಿದರು ಎಂದು ದೂರು ಕೊಟ್ಟರು.

ಇಲ್ಲಿ ಬಟ್ಟೆಯ ದೋಷವಿಲ್ಲ, ರಾತ್ರಿಯಲ್ಲ, ನಿರ್ಜನ ಬೀದಿಯಲ್ಲ, ಪಕ್ಕದಲ್ಲಿ ಗಂಡನೇ ಇದ್ದಾನೆ. ಆದರೂ ನಂಬಿದರೇ? ಪೊಲೀಸರು ಅನುಮಾನಿಸಿದರು. ವೈದ್ಯಕೀಯ ಪರೀಕ್ಷೆ ಎರಡು ದಿನಕ್ಕೂ ಹೆಚ್ಚು ತಡವಾಯಿತು. ಸಾಕ್ಷ್ಯಕ್ಕೆಂದು ಉಟ್ಟಿದ್ದ ಲಂಗವನ್ನು ಠಾಣೆಯಲ್ಲಿ ಬಿಡಿಸಿಕೊಂಡಾಗ ಗಂಡನ ರುಮಾಲಿನ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗಬೇಕಾಯಿತು. ಊರು ಬಹಿಷ್ಕಾರ ಹಾಕಿತು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟಲಾರರು, ವಯಸ್ಸಾದ ಹಿರಿಯರು ಇಂಥ ಕೆಲಸ ಮಾಡಲಾರರು, ಗಂಡನಾದವನು ಸುಮ್ಮನೆ ನೋಡಿಕೊಂಡಿರಲಾರ, ಹೀಗಿತ್ತು ವಾದದ ಧಾಟಿ. ಮೇಲ್ಮನವಿ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು.

ಆದರೆ ಅವರು ಊರು ಬಿಡಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ. ಅವರ ಪ್ರಕರಣದಿಂದ ಎಚ್ಚೆತ್ತ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಇವತ್ತು ಗಾರ್ಮೆಂಟ್ಸ್‌ನಲ್ಲಿ, ಕಚೇರಿಯಲ್ಲಿ ದುಡಿಯುವ ನಮ್ಮ ಮಕ್ಕಳಿಗಿರುವ ದೂರು ಸಮಿತಿ ಈ ಹಳ್ಳಿ ಹೆಂಗಸಿನ ಹೋರಾಟದ ಫಲ.

ನಲ್ಲಿಯ ಹತ್ತಿರದ ಮಾತು ದೊಡ್ಡ ಜಾಗಕ್ಕೂ ಹೋಗುತ್ತದೆ

ಇದು ದೂರದ ರಾಜಸ್ಥಾನದ ಕಥೆ ಎನ್ನಬೇಡಿ. 2020ರ ಜೂನ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ರೆ ಹೋದೆ ಎಂದ ಹೆಣ್ಣಿನ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬ ಅರ್ಥದ ಟೀಕೆ ಬಂತು. ಹಲವರು ವಿರೋಧಿಸಿದ ಮೇಲೆ ಆ ಮಾತನ್ನು ಆದೇಶದಿಂದ ತೆಗೆಯಲಾಯಿತು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಆಗಿನ ಗೃಹ ಸಚಿವರು ಅವರು ಅಲ್ಲಿಗೆ ಹೋಗಬಾರದಿತ್ತು ಎಂದರು. ಆಕ್ಷೇಪ ಬಂದ ಮೇಲೆ ಮಾತು ಹಿಂತೆಗೆದುಕೊಂಡರು. ಅದೇ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹಿರಿಯ ಶಾಸಕರೊಬ್ಬರು ಅತ್ಯಾಚಾರವನ್ನು ಹಾಸ್ಯಕ್ಕೆ ಬಳಸಿ, ಆಮೇಲೆ ಕ್ಷಮೆ ಕೇಳಿದರು.

ಈ ಮೂರರಲ್ಲೂ ಒಂದು ಪಾಠವಿದೆ. ದೊಡ್ಡವರ ಬಾಯಿಗೆ ಈ ಮಾತು ಬಂದದ್ದು ನಮ್ಮ ಬೀದಿಯಿಂದಲೇ. ಅದನ್ನು ಹಿಂದಕ್ಕೆ ತೆಗೆಸಿದ್ದು ಜನ ಸುಮ್ಮನಿರದೆ ಎದುರು ಮಾತಾಡಿದ್ದು.

ಕಾನೂನು ಈಗ ಏನು ಹೇಳುತ್ತದೆ?

1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ ಎಂದು ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತ್ತು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. 2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ 2013ರಲ್ಲಿ ಮತ್ತೆ ಬದಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಜೊತೆಯ ಕಾನೂನುಗಳಲ್ಲೂ ಈ ಅಂಶಗಳಿವೆ. ಇವನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ:

* ಹೊಡೆದಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎಂದಾಗುವುದಿಲ್ಲ. ಭಯದಲ್ಲಿ ಕೈಕಾಲು ಕಲ್ಲಾಗುವುದು ಸಹಜ.
* ಒಪ್ಪಿಗೆಯ ಪ್ರಶ್ನೆ ಬಂದಾಗ ಅವಳ ನಡತೆ, ಹಿಂದಿನ ಸಂಬಂಧ ಸಾಕ್ಷ್ಯವಾಗುವುದಿಲ್ಲ. 'ಎರಡು ಬೆರಳಿನ ಪರೀಕ್ಷೆ' ಮಾಡಬಾರದೆಂದು ಸುಪ್ರೀಂ ಕೋರ್ಟು 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ.
* ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ಸರಹದ್ದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ದೂರು ಬರೆದುಕೊಳ್ಳದ ಪೊಲೀಸರಿಗೂ ಶಿಕ್ಷೆಯಿದೆ.
* ಹೇಳಿಕೆಯನ್ನು ಅವಳ ಮನೆಯಲ್ಲೇ ಅಥವಾ ಅವಳು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಪೊಲೀಸರೇ ಪಡೆಯಬೇಕು. ತಂದೆ ತಾಯಿ, ಹತ್ತಿರದ ಬಂಧುಗಳು ಅಥವಾ ಆ ಊರಿನ ಸಮಾಜ ಸೇವಕರು ಜೊತೆಗಿರಬಹುದು.
* ಸರಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು.
* ಅವಳ ಹೆಸರು, ಗುರುತು, ಫೋಟೋ ಬಯಲು ಮಾಡುವುದು ಅಪರಾಧ. ಮೊಬೈಲಿನಲ್ಲಿ ಫಾರ್ವರ್ಡ್ ಮಾಡುವವರೂ ಎಚ್ಚರವಾಗಿರಬೇಕು.
* 18 ವರ್ಷದೊಳಗಿನ ಮಕ್ಕಳಾದರೆ ಪೋಕ್ಸೋ ಕಾಯ್ದೆ. ವಿಷಯ ಗೊತ್ತಾದವರು ತಿಳಿಸಲೇಬೇಕು.

ಮೊದಲ ಮಾತು ನಮ್ಮದು

ಹೆಣ್ಣುಮಗಳು ಮೊದಲು ಹೇಳಿಕೊಳ್ಳುವುದು ಕೋರ್ಟಿನ ಮುಂದೆ ಅಲ್ಲ, ಅಮ್ಮನ ಹತ್ತಿರ, ಚಿಕ್ಕಮ್ಮನ ಹತ್ತಿರ, ಸಂಘದ ಅಕ್ಕನ ಹತ್ತಿರ. ಆಗ ನಮ್ಮ ಬಾಯಿಂದ "ಯಾಕೆ ಹೋದೆ?" ಎಂದು ಬಂದರೆ ಆ ಬಾಗಿಲು ಮುಚ್ಚಿತು. ಅವಳು ಇನ್ನೊಬ್ಬರಿಗೆ ಹೇಳುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ. ಮೊದಲ ಮಾತು ಹೀಗಿರಲಿ: "ನೀನು ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿಂದಲ್ಲ. ನಾವಿದ್ದೇವೆ."

ಆಮೇಲೆ ಕೆಲಸ. ಆದಷ್ಟು ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗರ್ಭ ನಿಲ್ಲದಂತೆ, ಎಚ್‌ಐವಿ ಸೋಂಕು ತಗಲದಂತೆ ಕೊಡುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಸಾಧ್ಯವಾದರೆ ಪರೀಕ್ಷೆಗೆ ಮೊದಲು ಸ್ನಾನ ಬೇಡ. ಬಟ್ಟೆ ಒಗೆಯದೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಸ್ನಾನ ಆಗಿಹೋಗಿದ್ದರೂ, ದಿನ ಕಳೆದಿದ್ದರೂ ಹೋಗಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಜಿಲ್ಲೆಯಲ್ಲಿ ಸಖಿ ಕೇಂದ್ರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಪರಿಹಾರಕ್ಕೂ ಅಲ್ಲೇ ಅರ್ಜಿ.

ಊರಿನಲ್ಲಿ ರಾಜಿ ಪಂಚಾಯಿತಿಗೆ ಕೂರುವವರಿದ್ದಾರೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಹಣ ಇಸ್ಕೊಂಡು ಮುಗಿಸಿ" ಅನ್ನುತ್ತಾರೆ. ಕೆಲವರು ಅವನಿಗೇ ಕಟ್ಟಿಬಿಡಿ ಎನ್ನುತ್ತಾರೆ. ಅತ್ಯಾಚಾರದಲ್ಲಿ ರಾಜಿಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾನ ಹೋಗಬೇಕಾದದ್ದು ತಪ್ಪು ಮಾಡಿದವನದು.

ಎರಡು ಕಷ್ಟದ ಪ್ರಶ್ನೆಗಳು

"ದೂರು ಸುಳ್ಳಾಗಿದ್ದರೆ?" ತೀರ್ಪು ಕೊಡುವ ಕೆಲಸ ಕೋರ್ಟಿನದು, ನಮ್ಮದಲ್ಲ. ಅವಳ ಜೊತೆ ಆಸ್ಪತ್ರೆಗೆ, ಠಾಣೆಗೆ ಹೋಗುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಬೀದಿಯಲ್ಲಿ ಅವಳ ನಡತೆಯ ವಿಚಾರಣೆ ಮಾಡುವುದರಿಂದ ಅನ್ಯಾಯವಾಗುತ್ತದೆ.

"ಆರೋಪಿ ನಮ್ಮ ಸಂಘದ ಸದಸ್ಯೆಯ ಮಗನೇ ಆಗಿದ್ದರೆ?" ಇದು ಎಲ್ಲಕ್ಕಿಂತ ಕಷ್ಟ. ಆ ತಾಯಿಯನ್ನು ದೂರ ಮಾಡಬೇಡಿ, ಅವಳೇನೂ ಅಪರಾಧ ಮಾಡಿಲ್ಲ. ಆದರೆ ಅವಳ ಕಣ್ಣೀರು ನೋಡಿ ದೂರು ವಾಪಸ್ ತೆಗೆಸಲು ಸಂಘ ಹೋಗಬಾರದು. ಹದಿನೈದು ಜನ ಒಟ್ಟಾಗಿ ಸಾಲಕ್ಕೆ ಜಾಮೀನು ನಿಲ್ಲುತ್ತೇವೆ. ನೋವುಂಡ ಹುಡುಗಿಗೂ ಹಾಗೇ ನಿಲ್ಲಬೇಕು.

ಕೊನೆಯದಾಗಿ ಗಂಡುಮಕ್ಕಳ ಮಾತು. ಮಗಳಿಗೆ "ಹುಷಾರು" ಎನ್ನುವಷ್ಟು ಸಲ ಮಗನಿಗೆ "ಬೇಡ ಅಂದ್ರೆ ಬೇಡ ಅಂತಾನೇ ಅರ್ಥ" ಎಂದು ಹೇಳೋಣ. ಅವನು ಬೀದಿಯಲ್ಲಿ ಹುಡುಗಿಯನ್ನು ಚುಡಾಯಿಸಿದರೆ "ಹುಡುಗ ಬುದ್ಧಿ" ಎಂದು ನಗಬಾರದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ನಮ್ಮ ಊರಿನಲ್ಲಿ ಇಂಥದ್ದು ನಡೆದರೆ ಜೊತೆಗೆ ಹೋಗುವ ಇಬ್ಬರು ಯಾರು ಎಂದು ತೀರ್ಮಾನಿಸಿ, ಅವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.